ಒಂದು ಬೆಣೆ ಬಿಟ್ಟ ತೊಟ್ಟಿಲು

ಕೂಸು ತೊಟ್ಟಿಲಿನಿಂದ ಸಾಯಲಿಲ್ಲ. ಹೊಕ್ಕಳಬಳ್ಳಿ ಗಂಟು ಬಿದ್ದು ಹೊಟ್ಟೆಯಲ್ಲೇ ಸತ್ತಿತು. ಡಾಕ್ಟರಮ್ಮ ಅದನ್ನು ನನಗೂ ಹೇಳಿದರು, ಮೊಮ್ಮಗಳ ಗಂಡನಿಗೂ ಹೇಳಿದರು. ಉಳಿದದ್ದೆಲ್ಲ ಬಾಯಿ ಇದ್ದವರು ಆಡಿದ ಮಾತು. ಅದನ್ನು ಊರೆಲ್ಲ ನಂಬಿದ್ದರೂ ನನಗೇನೂ ಆಗುತ್ತಿರಲಿಲ್ಲ. ನನ್ನ ಮೊಮ್ಮಗಳು ನಂಬಿದಳು.

ಅವಳಿನ್ನೂ ಬಾಲವಾಡಿಗೆ ಹೋಗುವಾಗ ಅವಳ ತಾಯಿ, ಅಂದರೆ ನನ್ನ ಮಗಳು, ತೀರಿಕೊಂಡಳು. ಕೊಟ್ಟೂರಿನಲ್ಲಿ ಅವಳನ್ನು ಸಾಕಿದವಳು ನಾನು. ಈಗ ಗಂಡ ಹೆಂಡಿರಿಬ್ಬರಿಗೂ ಹರಪನಹಳ್ಳಿಯಲ್ಲಿ ನೌಕರಿ. ಅತ್ತೆಯ ಮನೆ ಹಡಗಲಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ತೊಟ್ಟಿಲನ್ನು ತವರಿನವರೇ ಕೊಡಬೇಕು. ಅವಳಿಗೆ ತವರು ಎಂದರೆ ನಾನೊಬ್ಬಳೇ.

ಉಡಿ ತುಂಬಿಸಿಕೊಂಡು ನನ್ನ ಮನೆಗೆ ಬಂದವಳೇ ತೊಟ್ಟಿಲಿನ ಸುದ್ದಿ ತೆಗೆದಳು.

"ಅಜ್ಜಿ, ನನ್ನ ಕೂಸಿನ ತೊಟ್ಲು ನಾನೇ ಆರಿಸ್ತೀನಿ."

"ಆರಿಸು. ಆದ್ರ ಕೂಸು ಬರೋಕಿಂತ ಮುಂಚೆ ತೊಟ್ಲು ಮನಿಗೆ ಬರಬಾರ್ದು. ಖಾಲಿ ತೊಟ್ಲು ತೂಗಬಾರ್ದು."

"ತೂಗೋರ್ಯಾರು? ನೋಡಾಕರ ಬಿಡು."

ಮೊದಲು ನನ್ನ ಅಟ್ಟದ ಮೇಲಿದ್ದ ತೊಟ್ಟಿಲನ್ನು ಅಳಿಯ, ಅಂದರೆ ಮೊಮ್ಮಗಳ ಗಂಡ, ಇಳಿಸಿದ. ಕೆಂಪು ಹಸಿರು ಅರಗಿನ ಬಣ್ಣದ ಕಡ್ಡಿಗಳು, ಹಿತ್ತಾಳೆ ಸರಪಳಿ. ಅದರಲ್ಲಿ ನನ್ನ ಮಗಳು ಮಲಗಿದ್ದಳು, ಇವಳೂ ಮಲಗಿದ್ದಳು. ಮೊಮ್ಮಗಳು ಧೂಳು ಒರೆಸುತ್ತ ಅಲ್ಲೇ ಕೂತಳು. "ಇದ ಇರ್ಲಿ ಅಜ್ಜಿ. ಅವ್ವ ಮಲಗಿದ್ದು." ನಾನು ತೊಟ್ಟಿಲಿನ ಕಾಲಿಗೆ ಉಗುರು ಒತ್ತಿದೆ. ನೆನೆದ ರೊಟ್ಟಿಗೆ ಹೋದಂತೆ ಒಳಗೆ ಹೋಯಿತು. "ನಿಮ್ಮವ್ವ ಮಲಗಿದ್ದು ಖರೇನ. ಆಮ್ಯಾಲೆ ಗೆದ್ದಲಾನೂ ಮಲಗ್ಯಾವ, ನೋಡು" ಎಂದೆ. ಬಿದ್ದು ಬಿದ್ದು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ಹಗರಿಬೊಮ್ಮನಹಳ್ಳಿಯ ಹೊಸ ಸಾಮಾನಿನ ಅಂಗಡಿ. ಅಲ್ಲಿದ್ದದ್ದು ಬೆಳ್ಳಗಿನ ತೊಟ್ಟಿಲು. ಕೆಳಗೆ ಗಾಲಿ, ಮೇಲೆ ಸೊಳ್ಳೆಪರದೆ. ಗುಂಡಿ ಒತ್ತಿದರೆ ತಾನೇ ತೂಗಿಕೊಳ್ಳುತ್ತದೆ, ಹಾಡೂ ಹಾಡುತ್ತದೆ. ಅಳಿಯನ ಕಣ್ಣು ಅದರ ಮೇಲೆ ಬಿತ್ತು.

"ಕರೆಂಟ್ ಹೋದ್ರ?" ಎಂದು ಅಂಗಡಿಯವನನ್ನು ಕೇಳಿದೆ.

"ಬ್ಯಾಟ್ರಿ ಐತ್ರಿ ಅಮ್ಮಾರ."

"ಬ್ಯಾಟ್ರಿ ಹೋದ್ರ?"

"ಆವಾಗ ನೀವ ತೂಗ್ರಿ. ಹಾಡಾಕ ಬರಂಗಿಲ್ಲೇನು?"

ಮೊಮ್ಮಗಳು ಹಲಗೆಯ ಮೇಲೆ ಬೆರಳಿನಿಂದ ಬಡಿದು ನೋಡಿದಳು. ರಟ್ಟಿನ ಡಬ್ಬಿಯ ಸದ್ದು. ಅವರು ಸಂಸಾರ ಹೂಡಿದಾಗ ಇಂಥದೇ ಹಲಗೆಯ ಮಂಚ ತಂದಿದ್ದರು. ಮಳೆಗಾಲದಲ್ಲಿ ಗೋಡೆಯ ತೇವ ಕುಡಿದು ತಲೆದೆಸೆ ಅಜೀರ್ಣವಾದ ಎಮ್ಮೆಯ ಹೊಟ್ಟೆಯಂತೆ ಉಬ್ಬಿತ್ತು. "ಬ್ಯಾಡ" ಎಂದಳು. ಅಳಿಯ ಇನ್ನೊಮ್ಮೆ ಗುಂಡಿ ಒತ್ತಿ ಹಾಡು ಕೇಳಿಯೇ ಹೊರಗೆ ಬಂದ.

ಕೊನೆಗೆ ಕೂಡ್ಲಿಗಿ. ಅಲ್ಲೊಬ್ಬ ಸಾಬರು ಕೆಡವುವ ಮನೆಗಳಿಂದ ಬಾಗಿಲು, ಮಂಚ, ಕುರ್ಚಿ ತಂದು ರಿಪೇರಿ ಮಾಡಿ ಮಾರುತ್ತಾರೆ. ಹಳೆಯ ಸಾಮಾನು ಎಂದ ಕೂಡಲೇ ಈಗಿನವರು ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಹಳೆಯದೆಲ್ಲ ಒಳ್ಳೆಯದಲ್ಲ. ಮಗುಚಿ ಹಾಕಿ ಅಡಿ ನೋಡಬೇಕು. ಪಾಲಿಶ್ ಮೇಲೆ ಇರುತ್ತದೆ, ತಿಗಣೆ ಸಂದಿಯಲ್ಲಿ ಇರುತ್ತವೆ. ನಾನು ನಾಲ್ಕೈದು ಸಾಮಾನು ಮಗುಚಿ ಹಾಕಿಸಿದೆ. ಸಾಬರು ಬೇಜಾರು ಮಾಡಿಕೊಳ್ಳಲಿಲ್ಲ.

ಮೂಲೆಯಲ್ಲಿ ಒಂದು ತೇಗದ ತೊಟ್ಟಿಲು ಇತ್ತು. ಕೋಗಳಿಯ ಒಂದು ಮನೆಯದಂತೆ. ತೂಗಿದವರ ಕೈಯ ಎಣ್ಣೆ ಕುಡಿದು ಅಂಚು ಕಪ್ಪಗೆ ನುಣ್ಣಗೆ ಆಗಿತ್ತು. ಹಳೆಯ ತೊಟ್ಟಿಲು ಕೊಳ್ಳುವಾಗ ಕೇಳಲೇಬೇಕಾದ ಮಾತೊಂದಿದೆ. ಕೇಳಿದೆ.

"ಇದರಾಗ ಮಲಗಿದ ಕೂಸು ಯಾವುದಾರ ತೀರಿ ಹೋಗೇತೇನ್ರಿ?"

"ಇಲ್ಲವ್ವಾ. ಆ ಮನ್ಯಾಗ ಕೇಳೇ ತಂದೀನಿ. ಮಲಗಿದವೆಲ್ಲಾ ಎದ್ದು ಓಡಾಡ್ಯಾವ. ಒಂದು ಮುದುಕ ಆಗೇತಿ, ಅದ ನನಗ ಮಾರಿದ್ದು."

ಮೊಮ್ಮಗಳು ಅಂಚಿನ ಮೇಲೆ ಕೈ ಇಟ್ಟವಳು ತೆಗೆಯಲಿಲ್ಲ. ಇವತ್ತೇ ಒಯ್ಯೋಣ ಎಂದಳು. ನಾನು ಬೇಡವೆಂದೆ. ಸಾಬರೂ ಬೇಡವೆಂದರು. "ಕೂಸು ಬರಲವ್ವಾ, ನಾನ ಕಳಸ್ತೀನಿ. ನಮ್ಮಲ್ಲೂ ಅದ ಪದ್ಧತಿ." ಅವಳು ಕೇಳಲಿಲ್ಲ. ತಾಯಿ ಇದ್ದವರಿಗೆ ಎಲ್ಲವನ್ನೂ ತಾಯಿಯೇ ತಂದು ಜೋಡಿಸಿಟ್ಟಿರುತ್ತಾಳೆ, ನನ್ನದನ್ನು ನಾನೇ ಜೋಡಿಸಿಕೊಳ್ಳುತ್ತೇನೆ ಎಂದಳು.

ಸಾಬರು ತೊಟ್ಟಿಲಿನ ಒಂದು ಕಾಲಿನ ಬೆಣೆ ಬಡಿದು ತೆಗೆದರು. ಪೇಪರಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರು. ಆ ಅಂಗಡಿಯ ರೀತಿಯೇ ಅದು. "ಕೂಸು ಬಂದ ದಿನ ಬಡೀರಿ. ಅಲ್ಲೀತನಕ ಇದು ತೊಟ್ಲಲ್ಲ, ಬರೇ ಕಟ್ಟಿಗಿ. ಕಟ್ಟಿಗಿ ಮನ್ಯಾಗಿದ್ರ ಯಾವ ದೋಷಾನೂ ಇಲ್ಲ."

ಮನೆಗೆ ತಂದು ಒಳಕೋಣೆಯಲ್ಲಿ ಇಟ್ಟೆವು. ಬೆಣೆ ಇಲ್ಲದ ಕಾರಣ ಒಂದು ಕಡೆ ವಾಲುತ್ತಿತ್ತು. ದಿನಾ ಒರೆಸುವಳು, ದಿನಾ ನೋಡುವಳು. ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುವಾಗ ಒಳಗಿನಿಂದ ಟಕ ಟಕ ಎಂದು ಕೇಳಿತು.

"ಏನ್ ಬಡೀತೀಯಲೇ?"

"ವಾಲ್ತಿತ್ತಜ್ಜಿ. ಸರಿ ಮಾಡಿದೆ."

ಕುಟ್ಟಾಣಿಯ ಗುಂಡಿನಿಂದ ಬೆಣೆ ಬಡಿದಿದ್ದಳು. ತೊಟ್ಟಿಲು ನೆಟ್ಟಗೆ ನಿಂತಿತ್ತು, ಚೆನ್ನಾಗಿಯೇ ಕಾಣುತ್ತಿತ್ತು. ನಾನು ರೊಟ್ಟಿ ಸೀದೀತೆಂದು ಒಲೆಯ ಕಡೆ ತಿರುಗಿದೆ.

ದಿನ ತುಂಬಿದ ಮೇಲೆ ಒಂದು ಬೆಳಿಗ್ಗೆ ಕೂಸು ಮಿಸುಕುತ್ತಿಲ್ಲ ಎಂದಳು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅದರ ಎದೆಬಡಿತ ನಿಂತಿತ್ತು. ಆದರೂ ಹೆರಲೇಬೇಕಲ್ಲ. ಜೀವ ಇರುವ ಕೂಸನ್ನು ಹೆತ್ತಷ್ಟೇ ನೋವು ತಿಂದು ಹೆತ್ತಳು. ಹೆಣ್ಣು. ತಲೆ ತುಂಬ ಕೂದಲು. ಅಳಿಯ ಅದನ್ನು ಟವೆಲ್ಲಿನಲ್ಲಿ ಎತ್ತಿಕೊಂಡು ಮಣ್ಣು ಮಾಡಲು ಹೋದ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವಳ ಅತ್ತೆ ಹಡಗಲಿಯಿಂದ ಬಂದರು. ಕೆಟ್ಟ ಹೆಂಗಸಲ್ಲ. ಅತ್ತು ಅತ್ತು ಮುಖ ಬಾತಿತ್ತು. ಒಳಕೋಣೆಯ ಬಾಗಿಲಲ್ಲಿ ನಿಂತು ತೊಟ್ಟಿಲು ನೋಡಿದರು.

"ಇದನ್ನ ಯಾವಾಗ ತಂದ್ರಿ ಬೀಗತಿ?"

"ಮೊದ್ಲ ತಂದ್ವಿ."

"ಹಿಂಗ ಮೊದ್ಲ ತಂದಿಟ್ರ ಕೂಸು ಹೆಂಗ ಉಳೀತೈತ್ರಿ? ಹಿರೇರು ನೀವಿದ್ದೂ?"

"ಹೊಟ್ಟ್ಯಾಗಿನ ಬಳ್ಳಿಗೆ ಗಂಟು ಹಾಕಾಕ ತೊಟ್ಲಿಗೆ ಕೈ ಅದಾವೇನ್ರಿ?" ಎಂದೆ.

ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಆಗ ಬಾಯಿ ಬಿಟ್ಟಳು. "ಬೆಣಿ ನಾನ ಬಡ್ದೆ ಅತ್ತಿ. ಕೂಸು ಬಂದ ದಿನ ಬಡೀರಿ ಅಂದಿದ್ರು. ನಾನು ಮೊದ್ಲ ಬಡ್ದೆ."

ತಾವು ಆಡಿದ್ದು ಎಲ್ಲಿಗೆ ಹೋಗಿ ಬಿತ್ತು ಎಂದು ಬೀಗತಿಗೆ ಗೊತ್ತಾಯಿತು. ಆದರೆ ಆಡಿದ ಮೇಲೆ ಗೊತ್ತಾಗಿ ಏನು? ಅಳಿಯ ಸಂಜೆಯೇ ಲಗೇಜ್ ಆಟೋದಲ್ಲಿ ತೊಟ್ಟಿಲು ಹೇರಿಕೊಂಡು ಕೂಡ್ಲಿಗಿಗೆ ಹೋದ. ಸಾಬರು ಏನೂ ಕೇಳದೆ ಒಳಗೆ ಇಳಿಸಿಕೊಂಡರಂತೆ.

ತೊಟ್ಟಿಲು ಹೋದರೂ ಮಾತು ಹೋಗಲಿಲ್ಲ. ಗಂಡ ಹೇಳಿದ, ಡಾಕ್ಟರಮ್ಮನ ಮಾತು ನೆನಪಿಸಿದ. ಹೂಂ ಎನ್ನುವಳು, ತುತ್ತು ಮುಟ್ಟಳು. ಬಾಣಂತಿ ಸ್ನಾನ, ಖಾರ, ಕೊಬ್ಬರಿ ಬೆಲ್ಲ ಯಾವುದನ್ನೂ ಮಾಡಲು ಬಿಡಲಿಲ್ಲ. ಕೂಸಿಲ್ಲದವಳಿಗೆ ಎಂಥ ಬಾಣಂತನ ಎಂದು ಓಣಿಯವರೂ ಯಾರೂ ಬರಲಿಲ್ಲ. "ನನಗ ಏನೂ ಮಾಡಬ್ಯಾಡ ಅಜ್ಜಿ. ತಿನ್ನಾಕ ನಾನೇನು ಮಾಡೀನಿ?" ಎಂದಳು.

ಮೂರನೇ ದಿನ ಎದೆಗೆ ಹಾಲು ಬಂತು. ಕುಪ್ಪಸ ತೊಯ್ದು ಸೀರೆಗೆ ಇಳಿಯಿತು. ಎದೆ ಕಲ್ಲಾಯಿತು, ಮೈ ಸುಟ್ಟಿತು. ಕೈ ಅಡ್ಡ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಇದ್ಯಾಕ ಬಂತಜ್ಜಿ?"

"ಮೈಗೆ ಇನ್ನೂ ಸುದ್ದಿ ಮುಟ್ಟಿಲ್ಲವ್ವಾ."



ಮರುದಿನ ಬೆಳಿಗ್ಗೆ ಎದ್ದವಳೇ ಬಸ್‌ಸ್ಟ್ಯಾಂಡಿಗೆ ಹೋದೆ. ಹಡಗಲಿ ಮಲ್ಲಿಗೆ ಮೊದಲ ಬಸ್ಸಿಗೆ ಬಂದಿಳಿಯುತ್ತದೆ. ಹೂವಿನವಳು ಬುಟ್ಟಿ ಬಿಚ್ಚುತ್ತಿದ್ದಳು.

"ಏನ್ ಕಾರ್ಯಾನ ಅಮ್ಮಾ, ಇಷ್ಟು ಲಗೂನ? ಮಾಲಿ ಕಟ್ಲೇನು?"

"ಮಾಲಿ ಬ್ಯಾಡ. ಬಿಡಿ ಮೊಗ್ಗು ಕೊಡು."

ಮಲ್ಲಿಗೆ ಎದೆಗೆ ಕಟ್ಟಿದರೆ ಹಾಲು ಬತ್ತುತ್ತದೆ. ಹೂವಿನವಳಿಗೂ ಅದು ಗೊತ್ತು. ನನ್ನ ಮುಖ ನೋಡಿ ಇನ್ನೊಂದು ಬೊಗಸೆ ಹಾಕಿದಳು.

ಮನೆಗೆ ಬಂದು ಹಂಡೆಗೆ ಉರಿ ಹಾಕಿದೆ. ಮೊಮ್ಮಗಳನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದೆ. ಬೇಡ ಎಂದಳು. "ನೀ ಹೆತ್ತೀಯೋ ಇಲ್ಲೋ? ಹೆತ್ತಾಕಿಗೆ ನೀರು ಹಾಕ್ತಾರ. ಕೂಡು" ಎಂದು ರಟ್ಟೆ ಹಿಡಿದು ಕೂಡಿಸಿದೆ. ಹರಳೆಣ್ಣೆ ಅರಿಶಿನ ಹಚ್ಚಿ ಸೊಂಟ ತಿಕ್ಕಿದೆ. ಊರಿಗೆ ಹೋಗದೆ ಉಳಿದಿದ್ದ ಬೀಗತಿ ಬಾಗಿಲಲ್ಲಿ ಬಂದು ನಿಂತರು. ಕರೆಯಲಿಲ್ಲ ನಾನು. ತಾವೇ ಸೆರಗು ಸಿಗಿಸಿಕೊಂಡು ಚೊಂಬು ತೆಗೆದುಕೊಂಡರು. ಅವರು ಸುರಿದರು, ನಾನು ತಿಕ್ಕಿದೆ. ಕಾದ ನೀರು ಬೆನ್ನ ಮೇಲೆ ಬೀಳುತ್ತಿದ್ದ ಹಾಗೆ ಅವಳು ಬಾಯಿ ಬಿಟ್ಟು ಅತ್ತಳು. ಕೂಸು ಮಣ್ಣಾದ ದಿನದಿಂದ ಅತ್ತಿರಲಿಲ್ಲ.

ಒರೆಸಿ, ಮೊಗ್ಗು ಹರಡಿದ ಬಟ್ಟೆಯನ್ನು ಎದೆಗೆ ಸುತ್ತಿದೆ.

"ಬಿಗಿ ಆತೇನು?"

"ಇನ್ನೂ ಬಿಗಿ ಕಟ್ಟಜ್ಜಿ."

ಕಟ್ಟಿದೆ.