ಕೈ ತಲುಪದ ಟೇಬಲ್ಲು

ಆ ದಿನ ನಾವು ಜೇವರ್ಗಿಗೆ ಕಂಪ್ಯೂಟರ್ ನೋಡಲು ಹೋಗಿದ್ದೆವು. ನೋಡುವುದು ನನ್ನ ಪಾಲಿಗೆ. ನನ್ನ ಯಜಮಾನರಿಗೆ ಅದು ಕೆಲಸ. ಅವರು ಯಾವ ಪತ್ರಿಕೆಯ ನೌಕರರೂ ಆಗಿರಲಿಲ್ಲ. ಮುಂಜಾನೆ ಅಫಜಲಪುರದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಉಳಿದ ಹೊತ್ತು ಊರೂರು ತಿರುಗಿ ಗುಲಬರ್ಗಾದ ಒಂದು ವಾರಪತ್ರಿಕೆಗೆ ಬರೆಯುತ್ತಿದ್ದರು. ಬರೆಯುತ್ತಿದ್ದದ್ದು ಒಂದೇ ವಿಷಯ, ಜನ ಕೆಲಸ ಮಾಡುವ ಜಾಗ. ಆಫೀಸು, ಕಾಳಿನ ಸಗಟು ವ್ಯಾಪಾರದ ಅಡತಿ ಅಂಗಡಿ, ಬ್ಯಾಂಕು, ಪೋಸ್ಟು. ಅಲ್ಲಿ ಯಾರು ಕೂಡುತ್ತಾರೆ, ಯಾರು ನಿಂತೇ ಇರುತ್ತಾರೆ, ಕಿಟಕಿ ಯಾರ ಬೆನ್ನಿಗಿದೆ, ಕುಡಿಯುವ ನೀರು ಎಲ್ಲಿಟ್ಟಿದ್ದಾರೆ. ಮಳೆ, ಚುನಾವಣೆ ಬರೆಯಲು ಬೇಕಾದಷ್ಟು ಜನ ಇದ್ದಾರೆ, ಮನುಷ್ಯ ದಿನಪೂರ್ತಿ ಕೂಡುವ ಕುರ್ಚಿಯನ್ನು ಯಾರೂ ಬರೆಯುವುದಿಲ್ಲ ಎನ್ನುತ್ತಿದ್ದರು.

ಜೇವರ್ಗಿಯ ಆಫೀಸಿನಲ್ಲಿ ಕಂಪ್ಯೂಟರಿಗೆಂದೇ ಗಾಜಿನ ಖೋಲಿ ಕಟ್ಟಿಸಿದ್ದರು. ಒಳಗೆ ತಂಪು ಗಾಳಿ, ಕಿಟಕಿಗೆ ಪರದೆ. ಬಾಗಿಲಲ್ಲಿ ಚಪ್ಪಲಿಗಳ ಸಾಲು. ದೊಡ್ಡ ಸಾಹೇಬರೂ ಬೂಟು ಕಳಚಿ ಒಳಗೆ ಹೋದರು. ಅವರ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ನಾನು ನಗು ತಡೆದುಕೊಂಡು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಯಜಮಾನರು ಪಕ್ಕಕ್ಕೆ ಬಂದು ಕೂತರು. ನನ್ನ ಸೆರಗಿನ ಕೆಳಗೆ ಕೈ ಹಾಕಿ ನನ್ನ ಅಂಗೈಯನ್ನು ಪೂರ್ತಿ ಅದುಮಿದರು. ನಮ್ಮಿಬ್ಬರ ಭಾಷೆಯಲ್ಲಿ ಅದಕ್ಕೆ ಅರ್ಥ, ಇಲ್ಲಿ ಕತೆ ಇದೆ.

ಸಂಜೆ ಮನೆಗೆ ಬಂದು ತಮ್ಮ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯಲು ಕೂತರು. ಮೊದಲ ಸಾಲು ಓದಿ ಹೇಳಿದರು. ಉಳಿದದ್ದು ಮುಂಜಾನೆ ಅಂದರು. ಮುಂಜಾನೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು. ನಾನು ಒಲೆಯ ಮುಂದಿನಿಂದ ಎದ್ದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಮುಂಜಾನೆಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ನಾನು ಓದಿದ್ದು ಏಳನೆಯ ತರಗತಿಯವರೆಗೆ. ಬರೆಯಬೇಕು ಅನ್ನಿಸುತ್ತಿರುವುದು ಆ ಹಲಗೆ ನಮ್ಮ ಮನೆಗೆ ಬಂದ ದಿನದ ಬಗ್ಗೆ. ಆ ದಿನ ನೆನಪಾದರೆ ಈಗಲೂ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ.

ನಮ್ಮ ಮದುವೆಯಾಗಿ ಇನ್ನೂ ಹೊಸತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಇಜೇರಿಯ ನನ್ನ ತವರಿನಲ್ಲಿ ಅಳಿಯನ ಕೆಲಸ ಏನೆಂದು ಯಾರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಕುರ್ಚಿ ನೋಡಲು ಊರೂರು ತಿರುಗುತ್ತಾನಂತೆ ಎಂದು ನನ್ನ ಅಕ್ಕಂದಿರು ಕಾಡುತ್ತಿದ್ದರು. ವಾರಪತ್ರಿಕೆಯವರು ಅವರ ಬರಹವನ್ನು ಜಾಗ ಉಳಿದಾಗ ಮಾತ್ರ ಹಾಕುತ್ತಿದ್ದರು, ಅದೂ ಪೇಟೆ ಧಾರಣೆಯ ಕೆಳಗೆ. ಕೊನೆಗೊಮ್ಮೆ ಸಂಪಾದಕರು ಒಂದು ಮಾತು ಹೇಳಿ ಕಳಿಸಿದರು. ಹೊಸ ನಮೂನೆಯ ಆಫೀಸಿನ ಫೋಟೋ ತನ್ನಿ, ಆದರೆ ಅದರಲ್ಲಿ ಕೆಲಸ ನಡೆಯುತ್ತಿರಬೇಕು. ಖಾಲಿ ಕುರ್ಚಿಯ ಫೋಟೋ ಬೇಡ, ಅದನ್ನು ಫರ್ನಿಚರ್ ಅಂಗಡಿಯವರು ರೊಕ್ಕ ಕೊಟ್ಟೇ ಹಾಕಿಸುತ್ತಾರೆ. ಅಂಥ ಫೋಟೋ ತಂದರೆ ಪ್ರತಿವಾರ ನಿಮಗೊಂದು ಜಾಗ. ತರದಿದ್ದರೆ ಈ ವಿಷಯ ಬಿಟ್ಟುಬಿಡಿ.

ಅದೇ ಹೊತ್ತಿಗೆ ಆಳಂದದಿಂದ ಸುದ್ದಿ ಬಂತು. ಅಲ್ಲಿಯ ತೊಗರಿ ವ್ಯಾಪಾರದ ಸಾವಕಾರರೊಬ್ಬರು ತಮ್ಮ ಅಡತಿ ಅಂಗಡಿಯ ಗಾದಿ ತೆಗೆಸಿ ಟೇಬಲ್ಲು, ಕುರ್ಚಿ ಹಾಕಿಸುತ್ತಿದ್ದಾರೆ. ಗಾದಿ ಎಂದರೆ ಅಂಗಡಿಯ ತುಂಬ ಹಾಸಿದ ದಪ್ಪ ಹಾಸಿಗೆ, ಮೇಲೆ ಬಿಳಿ ಚಾದರು, ಒರಗಲು ಲೋಡು. ಚಪ್ಪಲಿ ಹೊರಗೆ ಬಿಟ್ಟು ಎಲ್ಲರೂ ಅದರ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂಡಬೇಕು. ಸಾವಕಾರರ ಅಜ್ಜನ ಕಾಲದಿಂದ ಹಾಗೇ ನಡೆದಿತ್ತು. ಯಜಮಾನರು ಸುದ್ದಿ ಕೇಳಿದ್ದೇ ಫೋಟೋ ಸ್ಟುಡಿಯೋದವನ ಕೈಕಾಲು ಹಿಡಿದು ಒಂದು ದಿನದ ಮಟ್ಟಿಗೆ ಕ್ಯಾಮೆರಾ ತಂದರು. ನೀನೂ ಬಾ ಅಂದರು. ತಾವು ಒಬ್ಬರೇ ಹೋದರೆ ಗಂಡಸರು ಕೂಡುವ ಜಾಗ ಮಾತ್ರ ಕಾಣುತ್ತದೆ, ನಾನು ಬಂದರೆ ಒಳಗಿನದೂ ತಿಳಿಯುತ್ತದೆ ಎಂಬುದು ಅವರ ಲೆಕ್ಕ. ಕ್ಯಾಮೆರಾದ ಚೀಲ ನನ್ನ ತೊಡೆಯ ಮೇಲೆ. ಬಸ್ಸು ಕುಲುಕಿದಾಗಲೆಲ್ಲ ಅದನ್ನು ಕೂಸಿನ ಹಾಗೆ ಅಪ್ಪಿಕೊಳ್ಳುತ್ತಿದ್ದೆ.

ಅಂಗಡಿ ತುಂಬಿಹೋಗಿತ್ತು. ಟೇಬಲ್ಲು ಸೋಲಾಪುರದಿಂದ ಲಾರಿಯಲ್ಲಿ ಬಂದಿತ್ತು. ನಮ್ಮ ಮನೆಯ ಬಾಗಿಲಲ್ಲಿ ಹಿಡಿಸದಷ್ಟು ಅಗಲ, ಮೇಲೆ ದಪ್ಪ ಗಾಜು. ಪೂಜೆಯಾಗಿ ಟೇಬಲ್ಲಿಗೆ ವಿಭೂತಿ ಹಚ್ಚಿ ಹೂವು ಏರಿಸಿದ್ದರು. ಜನ ಅಭ್ಯಾಸಬಲದಿಂದ ಚಪ್ಪಲಿಗಳನ್ನು ಹೊರಗೇ ಬಿಟ್ಟು ಬಂದು ಕುರ್ಚಿಗಳನ್ನು ನೋಡುತ್ತ ನಿಂತಿದ್ದರು. ಮುದುಕ ಗುಮಾಸ್ತರು ಕುರ್ಚಿಯ ಮೇಲೂ ಕಾಲು ಮಡಚಿ ಏರಿ ಕೂತುಬಿಟ್ಟಿದ್ದರು. ಸಾವಕಾರರ ಹೆಂಡತಿ ನನ್ನನ್ನು ಒಳಬಾಗಿಲ ಹತ್ತಿರ ತಮ್ಮ ಮಗ್ಗುಲಲ್ಲಿ ಕೂಡಿಸಿಕೊಂಡರು. ಅವರು ಸಾವಕಾರರಿಗಿಂತ ಒಂದು ಕೈ ಮೇಲು. ಗಾದಿಯನ್ನು ತಮ್ಮನ್ನು ಕೇಳದೆ ತೆಗೆಸಿದ್ದಾರೆಂಬ ಸಿಟ್ಟು ಅವರಿಗಿನ್ನೂ ಆರಿರಲಿಲ್ಲ.

ಯಜಮಾನರು ಮೂಲೆಯಲ್ಲಿ ಕ್ಯಾಮೆರಾ ಹಿಡಿದು ತಯಾರಾಗಿ ನಿಂತರು. ಬಾಗಿಲಿನಿಂದ ಬಿಸಿಲು ನೇರವಾಗಿ ಟೇಬಲ್ಲಿನ ಮೇಲೆ ಬಿದ್ದಿತ್ತು. ಸೋಲಾಪುರದ ಖರೀದಿದಾರ ಶೇಟಜಿ ಸಾವಕಾರರ ಎದುರಿನ ಕುರ್ಚಿಯಲ್ಲಿ ಕೂತರು. ತೊಗರಿಯ ಮಾದರಿ ಬಂತು. ಶೇಟಜಿ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ ತಲೆಯಾಡಿಸಿದರು. ಇನ್ನು ದರ ಆಗಬೇಕು.

ದರ ಆಗುವ ರೀತಿ ಹೇಳಬೇಕು. ಸರ್ಕಾರಿ ಮಾರ್ಕೆಟ್ಟಿನಲ್ಲಿ ಕೂಗಿ ಹರಾಜು ಮಾಡುವ ಪದ್ಧತಿ ಬಂದಿತ್ತು. ಆದರೆ ಅಂಗಡಿಯೊಳಗೆ ವ್ಯಾಪಾರಿ ವ್ಯಾಪಾರಿಗೆ ಮಾರುವಾಗ ಹಳೆಯ ರೂಢಿಯೇ. ಇಬ್ಬರೂ ಬಲಗೈ ಚಾಚಿ ಹಿಡಿದುಕೊಳ್ಳುತ್ತಾರೆ, ಮೇಲೆ ಒಂದು ಟವೆಲ್ಲು ಹೊದಿಸುತ್ತಾರೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಅಂಗೈ ಅದುಮಿದರೆ ಐದು. ಬಾಯಿ ಮಾತ್ರ ಮಳೆ, ಮಗಳ ಮದುವೆ ಎಂದು ಏನೇನೋ ಮಾತಾಡುತ್ತಿರುತ್ತದೆ. ಸುತ್ತ ಕೂತ ಬೇರೆ ಖರೀದಿದಾರರಿಗೆ ದರ ಗೊತ್ತಾಗಬಾರದು.

ಸಾವಕಾರರು ಕೈ ಚಾಚಿದರು. ಶೇಟಜಿಯೂ ಚಾಚಿದರು. ಕೈಗಳು ತಲುಪಲಿಲ್ಲ.

ಇಬ್ಬರೂ ಇನ್ನಷ್ಟು ಬಾಗಿದರು. ಸಾವಕಾರರ ಹೊಟ್ಟೆ ಟೇಬಲ್ಲಿಗೆ ಒತ್ತಿತು. ಬೆರಳ ತುದಿಗೆ ಬೆರಳ ತುದಿ ತಾಕುವಷ್ಟರಲ್ಲಿ ಟವೆಲ್ಲು ಗಾಜಿನ ಮೇಲೆ ಜಾರಿ ಕೆಳಗೆ ಬಿತ್ತು. ಶೇಟಜಿ ಟೇಬಲ್ಲಿನ ಅಡಿಯಿಂದ ಪ್ರಯತ್ನಿಸಿದರು. ಅಲ್ಲಿ ಖಾನೆಗಳು ಅಡ್ಡ ಬಂದು ಮೊಣಕೈ ಬಡಿಯಿತು. ಯಾರೋ ದರವನ್ನು ಕಿವಿಯಲ್ಲಿ ಹೇಳಿ ಅಂದರು. ಎದ್ದು ಹೋಗಿ ಕಿವಿ ಹಿಡಿಯಲು ಇದೇನು ಶಾಲೆಯೇ ಎಂದು ಶೇಟಜಿ ರೇಗಿದರು. ಚೀಟಿ ಬರೆದು ಕೊಡಿ ಎಂಬ ಸಲಹೆ ಬಂತು. ಸಾವಕಾರರು ಬೆಚ್ಚಿದರು, ಅವರ ಪ್ರಕಾರ ಕಾಗದದ ಮೇಲೆ ಬಂದ ದರ ಆಮೇಲೆ ಕೋರ್ಟಿನವರೆಗೂ ನಡೆದು ಹೋಗುತ್ತದೆ. ಹಾಗಾದರೆ ಶೇಟಜಿಯ ಕುರ್ಚಿಯನ್ನು ಸಾವಕಾರರ ಮಗ್ಗುಲಿಗೆ ಹಾಕಿ ಎಂದ ಇನ್ನೊಬ್ಬ. ಅದಕ್ಕೆ ಉಳಿದ ಖರೀದಿದಾರರೇ ಒಪ್ಪಲಿಲ್ಲ. ಎದುರಿಗೆ ಕೂತವನು ಗಿರಾಕಿ, ಮಗ್ಗುಲಿಗೆ ಕೂತವನು ಪಾಲುದಾರ. ಸೋಲಾಪುರದವರಿಗೆ ಇಲ್ಲಿ ಪಾಲು ಇದೆಯೇ ಎಂದು ಗುಸುಗುಸು ಶುರುವಾಯಿತು.

ಶೇಟಜಿ ಟೊಪ್ಪಿಗೆ ಸರಿಮಾಡಿಕೊಂಡು ಎದ್ದರು.

"ಸಾವ್ಕಾರ್ರ, ನಿಮ್ ಆಫೀಸ್ ಭಾಳ ಚಲೋ ಅದ. ನಾ ಎದುರಿನ ಅಂಗಡಿಗಿ ಹೋಗಿ ಬರ್ತೇನಿ. ಅಲ್ಲಿ ಇನ್ನಾ ಗಾದಿ ಅದ."

ಸಾವಕಾರರ ಮುಖ ಇಳಿಯಿತು. ಆಳಿನ ಕಡೆ ತಿರುಗಿ ಗಾದಿ ಎಲ್ಲಿಟ್ಟಿದ್ದೀರಿ ಎಂದು ಕೇಳಿದರು. ನಾನು ಯಜಮಾನರನ್ನು ನೋಡಿದೆ. ಅವರು ಕ್ಯಾಮೆರಾ ಕೆಳಗಿಳಿಸಿದ್ದರು. ಗಾದಿ ಮತ್ತೆ ಬಂದರೆ ಹೊಸ ಆಫೀಸಿಲ್ಲ, ಶೇಟಜಿ ಹೋದರೆ ಕೆಲಸ ನಡೆಯುವ ಫೋಟೋ ಇಲ್ಲ, ಫೋಟೋ ಇಲ್ಲದಿದ್ದರೆ ಪ್ರತಿವಾರದ ಆ ಜಾಗವಿಲ್ಲ. ಬಿಸಿಲು ಆಗಲೇ ಟೇಬಲ್ಲಿನ ಅಂಚಿಗೆ ಸರಿಯುತ್ತಿತ್ತು.

ನಾಲ್ಕು ಜನರ ಮುಂದೆ ಮಾತೇ ಆಡದ ನನ್ನ ಯಜಮಾನರು ಮೂಲೆಯಿಂದ ಹೇಳಿದರು:

"ಟೇಬಲ್ ಕೊಯ್ಯಿಸ್ರಿ."

ಸಾವಕಾರರು ಆ ಗಾಜನ್ನೊಮ್ಮೆ, ಹೊಳೆಯುವ ಪಾಲಿಶನ್ನೊಮ್ಮೆ ನೋಡಿದರು. ಪೂಜೆ ಮಾಡಿದ ಟೇಬಲ್ಲನ್ನು ಅದೇ ದಿನ ಗರಗಸಕ್ಕೆ ಕೊಡುವುದು ಹೇಗೆ ಎಂದು ತೊದಲಿದರು. ಆಗ ನನ್ನ ಪಕ್ಕದಿಂದ ಅವರ ಹೆಂಡತಿಯ ದನಿ ಬಂತು.

"ಗಾದಿ ತೆಗಿಸೋ ಮುಂದ ನನ್ನ ಕೇಳಿದ್ರೇನ್ರಿ? ಅದು ನಮ್ಮತ್ತಿ ಹೊಲಿದ ಗಾದಿ, ಅದಕ್ಕ ಕಣ್ಣೀರ್ ಬರ್ಲಿಲ್ಲ. ಈಗ ಕಟಗಿ ಕೊಯ್ಯೋ ಮುಂದ ಯಾಕ ಅಳಾಕತ್ತೀರಿ?"

ಎಲ್ಲರಿಗಿಂತ ಮೊದಲು ನಕ್ಕವರು ಶೇಟಜಿ. ನಗುತ್ತಲೇ ಮತ್ತೆ ಕೂತರು. ಅಲ್ಲಿಗೆ ತೀರ್ಮಾನವಾಯಿತು.

ಬಜಾರದ ಬಡಿಗೇರ ಗರಗಸ ಹಿಡಿದು ಓಡೋಡಿ ಬಂದ. ಗಾಜು ಇಳಿಸಿದರು. ಎಷ್ಟು ಕೊಯ್ಯಬೇಕೆಂದು ಅವನು ಕೇಳಿದಾಗ ಯಜಮಾನರು ಟೇಪು ಬೇಡ ಅಂದರು. ಇಬ್ಬರನ್ನೂ ಕುರ್ಚಿಯಲ್ಲಿ ಆರಾಮಾಗಿ ಕೂಡಿಸಿ, ಬೆನ್ನು ಬಾಗಿಸದೆ ಕೈ ಚಾಚಲು ಹೇಳಿದರು. ಎರಡು ಕೈಗಳ ನಡುವೆ ಉಳಿದ ಜಾಗವನ್ನು ನೋಡಿ ಬಡಿಗೇರ ಪೆನ್ಸಿಲಿನಿಂದ ಗೆರೆ ಎಳೆದ. ಗರಗಸ ಶುರುವಾಯಿತು. ಬಜಾರದ ಅರ್ಧ ಜನ ಬಾಗಿಲಲ್ಲಿ ಸೇರಿದ್ದರು. ಎದುರಿನ ಅಂಗಡಿಯವರು ತಮ್ಮ ಗಾದಿ ಬಿಟ್ಟು ನೋಡಲು ಬಂದರು. ಬಿಸಿಲು ಅತ್ತ ಹೋಗುತ್ತಿದೆ, ಗರಗಸ ಇತ್ತ ಬರುತ್ತಿದೆ. ನಾನು ಒಮ್ಮೆ ಅದನ್ನು ಒಮ್ಮೆ ಇದನ್ನು ನೋಡುತ್ತ ಸೆರಗನ್ನು ಹಿಂಡಿ ಹಿಂಡಿ ಮುದ್ದೆ ಮಾಡಿದ್ದೆ. ಬಡಿಗೇರ ಮುಂದಿನ ಕಾಲುಗಳನ್ನು ಒಳಗೆ ಸರಿಸಿ ಮೊಳೆ ಹೊಡೆದ. ಟೇಬಲ್ಲು ಇನ್ನೂ ಸ್ವಲ್ಪ ಅಲುಗುತ್ತಿತ್ತು.

ಕೈಗಳು ಚಾಚಿಕೊಂಡವು. ಟವೆಲ್ಲು ಬಿತ್ತು, ಈ ಸಲ ಜಾರಲಿಲ್ಲ. ಗರಗಸದ ಹುಡಿ ಇನ್ನೂ ಗಾಳಿಯಲ್ಲಿತ್ತು, ಬಿಸಿಲಿನ ಕೊನೆಯ ಪಟ್ಟಿ ಟವೆಲ್ಲಿನ ಮೇಲಿತ್ತು. ಸಾವಕಾರರು ಶೇಟಜಿಯ ಮೊಮ್ಮಗನ ಆರೋಗ್ಯ ವಿಚಾರಿಸುತ್ತಿದ್ದರು. ಟವೆಲ್ಲು ಒಳಗಿನಿಂದ ಸಣ್ಣಗೆ ಅಲುಗಿತು. ಕ್ಯಾಮೆರಾ ಸದ್ದು ಮಾಡಿತು. ನಾನು ಸಾವಕಾರರ ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟಿದ್ದೆ; ಅವರು ಬಿಡಿಸಿಕೊಳ್ಳಲಿಲ್ಲ. ಆ ದೊಡ್ಡ ಗಾಜನ್ನು ಅವರು ಮಾಳಿಗೆಗೆ ಸಾಗಿಸಿದರೆಂದೂ, ಅದರ ಮೇಲೆ ಹಪ್ಪಳ ಬಹಳ ಚೆನ್ನಾಗಿ ಒಣಗುತ್ತದೆಂದೂ ಆಮೇಲೆ ತಿಳಿಯಿತು.

ಹೊರಡುವಾಗ ಸಾವಕಾರರು ಕೊಯ್ದು ಉಳಿದ ಹಲಗೆಯನ್ನು ಯಜಮಾನರ ಕೈಗಿತ್ತರು. ಕೊಯ್ಯಿಸಿದವರು ನೀವೇ, ಒಯ್ಯುವವರೂ ನೀವೇ ಆಗಿ ಅಂದರು. ಅಳುವುದೋ ನಗುವುದೋ ಎಂಬ ಹಾಗಿತ್ತು ಅವರ ಮುಖ.

ಹಲಗೆ ಹಿಡಿದು ಬಸ್ಸು ಹತ್ತಿದಾಗ ಕಂಡಕ್ಟರ್ ಅದಕ್ಕೂ ಟಿಕೆಟ್ಟು ಅಂದ. ಅದು ಸಾಮಾನಲ್ಲ, ಆಫೀಸು ಎಂದು ಯಜಮಾನರು ವಾದಿಸಿದರು. ಅಂಥ ತಮಾಷೆ ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಹಲಗೆಯನ್ನು ಇಬ್ಬರ ತೊಡೆಗಳ ಮೇಲೆ ಅಡ್ಡ ಇಟ್ಟುಕೊಂಡು ಕೂತೆವು. ಬಸ್ಸಿನ ತುಂಬ ಜನ. ಹಿರಿಯರ ಎದುರು ಗಂಡ ಹೆಂಡತಿ ಹೆಚ್ಚು ಮಾತಾಡುವ ಹಾಗಿರಲಿಲ್ಲ. ಅವರು ತಮ್ಮ ಟವೆಲ್ಲನ್ನು ಹಲಗೆಯ ಮೇಲೆ ಹಾಸಿ ಅದರ ಕೆಳಗೆ ನನ್ನ ಕೈ ಹಿಡಿದರು. ಎದುರು ಸೀಟಿನ ಮುದುಕರೊಂದಿಗೆ ಬೆಳೆಯ ಮಾತಾಡುತ್ತಲೇ ನನ್ನ ಅಂಗೈಯನ್ನು ಪೂರ್ತಿ ಅದುಮಿದರು. ದರವೇ ಎಂದು ನಾನು ಮೆಲ್ಲಗೆ ಕೇಳಿದೆ.

"ಅಲ್ಲ. ಕತಿ ಅದ ಅಂತ," ಅಂದರು.

ಇಳಿಯುವ ಹೊತ್ತಿಗೆ ಕಿರುಬೆರಳು ಹಿಡಿದರೆ ಏಳೋಣ, ಹೆಬ್ಬೆರಳು ಹಿಡಿದರೆ ಸ್ವಲ್ಪ ತಡಿ ಎಂದು ಎಲ್ಲ ಗೊತ್ತು ಮಾಡಿಕೊಂಡಿದ್ದೆವು.

ಆ ಫೋಟೋ ಅಚ್ಚಾಯಿತು. ಟವೆಲ್ಲು ಹೊದ್ದ ಕೈಗಳು, ಕೆಳಗೆ ಆಗಷ್ಟೇ ಕೊಯ್ದ ಕಟ್ಟಿಗೆಯ ಅಂಚು. ಇಜೇರಿಯ ಅಕ್ಕಂದಿರು ಪತ್ರಿಕೆಯನ್ನು ಓಣಿಯಲ್ಲೆಲ್ಲ ತೋರಿಸಿದರು. ಪ್ರತಿವಾರದ ಜಾಗ ಸಿಕ್ಕಿತು, ಅವರು ಹೋಗುವವರೆಗೂ ಅದು ಅವರದೇ ಆಗಿತ್ತು. ಮಣ್ಣೂರಿನಲ್ಲಿ ಹೊಳೆಯ ಕಡೆ ಮುಖ ಮಾಡಿದ ಪೋಸ್ಟು, ಬೀಸುವ ಗಾಳಿಗೆ ಕಾಗದಗಳ ಮೇಲೆಲ್ಲ ಕಲ್ಲು. ಚೌಡಾಪುರದ ರಸ್ತೆ ಬದಿಯಲ್ಲಿ ಬೇವಿನ ಮರಕ್ಕೆ ಫೋನು ತೂಗುಹಾಕಿದ ಲಾರಿ ಆಫೀಸು. ಕಿಂಡಿಯನ್ನು ಎಷ್ಟು ಕೆಳಗೆ ಕೊರೆದಿದ್ದರೆಂದರೆ ಬಂದವರೆಲ್ಲ ಕ್ಯಾಶಿಯರನಿಗೆ ನಮಸ್ಕಾರ ಮಾಡಿದಂತೆ ಕಾಣುತ್ತಿದ್ದ ಒಂದು ಬ್ಯಾಂಕು. ಎಲ್ಲವನ್ನೂ ಅವರು ಆ ಹಲಗೆಯ ಮೇಲೆಯೇ ಬರೆದರು. ಒಳಗೆ ಹೋಗಿ ಐದು ನಿಮಿಷ ಆಗುವುದರೊಳಗೆ ನನ್ನ ಅಂಗೈ ಅದುಮುತ್ತಿದ್ದರು. ಕೆಲವು ಸಲ ನಾನೇ ಮೊದಲು ಅದುಮುತ್ತಿದ್ದೆ.

ಜೇವರ್ಗಿಯಿಂದ ಬಂದ ಸಂಜೆ ಅವರು ಬರೆದ ಮೊದಲ ಸಾಲು, ಚಪ್ಪಲಿ ಬಿಡಿಸುವ ಗಾದಿ ಹೋಯಿತು ಅಂದುಕೊಂಡಿದ್ದೆವು, ಈಗ ಅದರ ಮೇಲೆ ಕಂಪ್ಯೂಟರ್ ಕೂತಿದೆ ಎಂದಿತ್ತು. ಎರಡನೆಯ ಸಾಲು ಏನಿರಬಹುದೆಂದು ನಾನು ಯೋಚಿಸಿದ್ದುಂಟು. ಸಾಹೇಬರ ಹೆಬ್ಬೆರಳು ಅದರಲ್ಲಿ ಬಂದೇ ಬರುತ್ತಿತ್ತು.

ಮೊನ್ನೆ ಅವರ ಮರಣದ ದಾಖಲೆ ತರಲು ಅಫಜಲಪುರದ ಕಚೇರಿಗೆ ಹೋಗಿದ್ದೆ. ಬೆಂಚು ತೆಗೆದು ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದಾರೆ. ಯಾರೂ ಒಯ್ಯಬಾರದೆಂದು ಕುರ್ಚಿಗಳನ್ನೆಲ್ಲ ಒಂದೇ ಸರಪಳಿಯಲ್ಲಿ ಕಟ್ಟಿದ್ದಾರೆ. ಒಬ್ಬರು ಎದ್ದರೆ ಉಳಿದವರೆಲ್ಲ ಅಲುಗುತ್ತಾರೆ, ಹಾಗಾಗಿ ಎಲ್ಲರೂ ಒಟ್ಟಿಗೇ ಏಳುತ್ತಾರೆ, ಒಟ್ಟಿಗೇ ಕೂಡುತ್ತಾರೆ. ನನಗೆ ನಗು ಬಂತು. ಕೈ ತಾನಾಗಿಯೇ ಸೆರಗಿನ ಕೆಳಗೆ ಹೋಗಿ ಪಕ್ಕಕ್ಕೆ ಚಾಚಿತು.

ಹಲಗೆ ಮನೆಯಲ್ಲಿದೆ. ಅವರ ಟವೆಲ್ಲನ್ನು ಒಗೆದು ಮಡಚಿಟ್ಟಿದ್ದೇನೆ. ಟವೆಲ್ಲಿನ ಕೆಳಗೆ ಆ ಕಡೆಯ ಕೈ ಇಲ್ಲ.