ಹೊಸ್ತಿಲ ಬಳಿ ಉಳಿದ ಒಂದು ಗೇಣು

ಜೋಗುಪಾಳ್ಯದ ಕಾಂಪೌಂಡರ್ ರಾಮಯ್ಯನವರು ಮೊದಲನೆಯ ಯುದ್ಧದಲ್ಲಿ ಬಸ್ರಾದ ಮಿಲಿಟರಿ ಆಸ್ಪತ್ರೆಯಲ್ಲಿ ಮೂರು ವರ್ಷ ಗಾಯ ತೊಳೆದು ಬಂದವರು. ಸಮುದ್ರ ದಾಟಿದ್ದರು, ಜೀವಸಹಿತ ವಾಪಸೂ ಬಂದಿದ್ದರು. ಹಲಸೂರಿನ ಸುತ್ತಮುತ್ತ ಪಂಡಿತನೆನಿಸಿಕೊಳ್ಳಲು ಅಷ್ಟು ಸಾಕಾಗಿತ್ತು. ಎರಡನೆಯ ಯುದ್ಧ ಮುಗಿದು, ಸರ್ಕಾರ ಓದಿದ ಮಕ್ಕಳನ್ನು ತನ್ನ ಖರ್ಚಿನಲ್ಲೇ ವಿಲಾಯಿತಿಗೆ ಕಳಿಸತೊಡಗಿದಾಗ, ಹೆತ್ತವರು ಕಾಲೇಜಿನ ಪ್ರಿನ್ಸಿಪಾಲರನ್ನು ಬಿಟ್ಟು ಇವರ ಜಗಲಿ ಹತ್ತಿದರು.

ರಾಮಯ್ಯನವರು ಡಿಗ್ರಿ, ಯೂನಿವರ್ಸಿಟಿ ಎಂದೆಲ್ಲ ಕೊರೆಯುತ್ತಿರಲಿಲ್ಲ. ನೇರ ಅಡುಗೆಮನೆ ಬಾಗಿಲಿಗೆ ಹೋಗಿ, "ನಿಮಗೇನು ಭಯ, ಅದನ್ನ ಹೇಳಿ ತಾಯಿ" ಎನ್ನುತ್ತಿದ್ದರು. ಅಪ್ಪಂದಿರ ಪ್ರಶ್ನೆಗೆ ಸರ್ಕಾರದ ಕಾಗದದಲ್ಲೇ ಉತ್ತರವಿರುತ್ತದೆ, ಅಮ್ಮಂದಿರದಕ್ಕೆ ಇರುವುದಿಲ್ಲ. ತಾನು ಉತ್ತರ ಕೊಡಲಾಗದ ಅಮ್ಮ ಇನ್ನೂ ಹುಟ್ಟಿಲ್ಲ ಎಂಬ ಜಂಬವೂ ಅವರಿಗಿತ್ತು.

ಆ ಜಂಬ ಇಳಿಸಿದವಳು ಚಿಕ್ಕಮುನಿಯಮ್ಮ. ಹಲಸೂರಿನಲ್ಲಿ ತರಕಾರಿ ತೋಟ ಮಾಡುತ್ತಿದ್ದ ಮುನಿವೆಂಕಟಪ್ಪನ ಹೆಂಡತಿ. ಮಗಳು ಶಾಂತಕುಮಾರಿಗೆ ಲಂಡನ್ನಿನಲ್ಲಿ ಎರಡು ವರ್ಷದ ಟೀಚರ್ ತರಬೇತಿಗೆ ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಅಪ್ಪನ ರುಜು ಬೀಳದಿದ್ದರೆ ಸೀಟು ಬೇರೆಯವರ ಪಾಲು. ಅಪ್ಪನೋ, "ಅವಳು ಹೂಂ ಅನ್ಲಿ, ಹಾಕ್ತೀನಿ" ಎಂದು ಹೆಂಡತಿಯ ಕಡೆ ಕೈ ತೋರಿಸಿ ಕೂತುಬಿಟ್ಟಿದ್ದ.

ಭಾನುವಾರ ಬೆಳಿಗ್ಗೆ ರಾಮಯ್ಯನವರು ಹೋದರು.

"ಊಟಕ್ಕೇನು ಮಾಡ್ತಾಳಣ್ಣಾ?"

"ಬ್ರೆಡ್ಡು, ಆಲೂಗಡ್ಡೆ. ನೀವು ಹುಳಿಪುಡಿ ಕಟ್ಟಿಕೊಡಿ."

"ಜ್ವರ ಬಂದ್ರೆ?"

"ಹಾಸ್ಟೆಲ್‌ನಲ್ಲೇ ನರ್ಸಮ್ಮ ಇರ್ತಾಳೆ."

"ಹಡಗು ಎಷ್ಟು ದಿನ?"

"ಇಪ್ಪತ್ತು ದಿನ ಅಂದ್ಕೊಳ್ಳಿ."

ಚಿಕ್ಕಮುನಿಯಮ್ಮ ತಲೆಯಾಡಿಸಿದಳು. "ಆಗಲ್ಲಣ್ಣಾ. ಮನೆಯಿಂದ ಹೋದೋರು ಊರು ಸೇರೋಗಂಟ ನಾವು ಕಸ ಗುಡಿಸೋ ಹಂಗಿಲ್ಲ. ಇಪ್ಪತ್ತು ದಿನ ಗುಡಿಸ್ದೆ ಹೆಂಗಿರೋದು? ಗುಡಿಸಿಬಿಟ್ಟು, ನಡುನೀರಲ್ಲಿ ಅವಳಿಗೇನಾದ್ರೂ ಆದ್ರೆ?"

ರಾಮಯ್ಯನವರಿಗೆ ಮೊದಲು ನಗು ಬಂತು. ಆಕೆಯ ಕಣ್ಣು ತುಂಬಿದ್ದನ್ನು ನೋಡಿ ನಗು ಅಲ್ಲೇ ಇಂಗಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಶಾಂತಕುಮಾರಿಯ ಮುಖ ಬಾಡಿ ಇಷ್ಟೇ ಇಷ್ಟಾಗಿಬಿಟ್ಟಿತ್ತು. ಅವರು ಒಂದು ಲೋಟ ಮಜ್ಜಿಗೆ ಕೇಳಿ ಕುಡಿದು, ಬುದ್ಧಿಯನ್ನೆಲ್ಲ ಒಟ್ಟುಮಾಡಿಕೊಂಡರು.

"ನೋಡಿ ತಾಯಿ, ನಿಮ್ಮ ಮನೆಯಿಂದ ಅವಳು ಹೊರಡೋದು ಬೊಂಬಾಯಿಗೆ. ಅಲ್ಲಿ ಒಂದಿನ ಹಾಸ್ಟೆಲ್‌ನಲ್ಲಿ ಇದ್ದು, ಅಲ್ಲಿಂದ ಹಡಗು ಹತ್ತೋದು. ಆಮೇಲೆ ಗುಡಿಸಬಾರದು ಅಂದ್ರೆ ಆ ಹಾಸ್ಟೆಲ್‌ನೋರು ಗುಡಿಸಬಾರದು. ಬೊಂಬಾಯಿಂದ ತಂತಿ ಬಂತೋ, ನೀವು ಪೊರಕೆ ಹಿಡೀಬಹುದು."

ಚಿಕ್ಕಮುನಿಯಮ್ಮ ಕೊನೆಗೆ "ಹೂಂ" ಎಂದಳು. ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂದು ಮುನಿವೆಂಕಟಪ್ಪ ಅವಸರದಲ್ಲಿ ರುಜು ಹಾಕಿ ಕಾಗದಕ್ಕೆಲ್ಲ ಮಸಿ ಮಾಡಿದ.

ಹುಡುಗಿ ಹೊರಟ ಮೂರನೆಯ ದಿನ ತಂತಿ ಬಂತು. ರಾಮಯ್ಯನವರೇ ಓದಿ ಹೇಳಿದರು. ಚಿಕ್ಕಮುನಿಯಮ್ಮ ಪೊರಕೆ ಹಿಡಿದು ಮನೆಯನ್ನೆಲ್ಲ ಗುಡಿಸಿದಳು. ಹೊಸ್ತಿಲ ಒಳಗೆ ಒಂದು ಗೇಣು ಜಾಗ ಮಾತ್ರ ಬಿಟ್ಟಳು.

"ಇದಿಷ್ಟು ಇರ್ಲಿ ಅಣ್ಣಾ" ಎಂದಳು, ತಪ್ಪು ಮಾಡಿದವಳ ಹಾಗೆ.

"ಇರ್ಲಿ ತಾಯಿ" ಎಂದರು ರಾಮಯ್ಯನವರು. ಆಮೇಲೆ ಬಂದಾಗಲೆಲ್ಲ ಆ ಧೂಳಿನ ಪಟ್ಟಿಯನ್ನು ಹುಷಾರಾಗಿ ದಾಟಿಯೇ ಒಳಗೆ ಬರುತ್ತಿದ್ದರು.

ತಿಂಗಳ ಮೇಲೆ ಲಂಡನ್ನಿನಿಂದ ಕಾಗದ ಬಂತು. ಹಡಗು, ಚಳಿ, ಹಾಸ್ಟೆಲಿನ ಕೋಣೆ, ಎಲ್ಲವನ್ನೂ ರಾಮಯ್ಯನವರು ಗಟ್ಟಿಯಾಗಿ ಓದುತ್ತ ಹೋದರು. ಕೊನೆಯ ಸಾಲಿಗೆ ಬಂದಾಗ ಓದು ನಿಂತಿತು. ಅದರಲ್ಲಿದ್ದ ವಿಷಯವನ್ನು ಇಲ್ಲಿಂದ ಯಾರೂ ಅವಳಿಗೆ ಬರೆದಿರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು:

"ಹೊಸ್ತಿಲ ಹತ್ರ ನೀನು ಬಿಟ್ಕೊಂಡಿರೋದನ್ನ ಇನ್ನು ಗುಡಿಸ್ಬಿಡಮ್ಮ. ನಾನು ತಲುಪಿದ್ದೀನಿ."

ಚಿಕ್ಕಮುನಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಪೊರಕೆ ತರಲು ಒಳಗೆ ಹೋದಳು.