ಮೆರ್ಲ್ ಕಟ್ಟಿಸಿದ ಚೆಂದದ ಕಕ್ಕಸು

ವಾರಾಬಿನ್ ಊರಿನಲ್ಲಿ ನೀರಿಗಿಂತ ಅಭಿಪ್ರಾಯಗಳೇ ಹೆಚ್ಚು. ಸಭಾಭವನದ ಟ್ಯಾಂಕ್ ತುಂಬಬೇಕಾದರೆ ಆಕಾಶ ಮನಸ್ಸು ಮಾಡಬೇಕು. ಖಾಲಿಯಾಗಲು ಮಾತ್ರ ಶನಿವಾರದ ಒಂದು ಕುಣಿತ ಸಾಕು. ಕುಣಿದವರೆಲ್ಲ ಬಿಯರ್ ಕುಡಿಯುತ್ತಾರೆ, ಕುಡಿದವರೆಲ್ಲ ಫ್ಲಶ್ ಎಳೆಯುತ್ತಾರೆ. ಇನ್ನೊಮ್ಮೆ ಟ್ಯಾಂಕ್ ಬತ್ತಿದರೆ ಕುಣಿತವೇ ಬಂದ್ ಎಂದು ಪುರಸಭೆಯವರು ಹೇಳಿ ಹೋದರು.

ಗಂಡ ಸತ್ತ ಮೇಲೆ ಮೆರ್ಲ್ ಹ್ಯಾಗರ್ಟಿ ಮನಸಾರೆ ನಗುತ್ತಿದ್ದದ್ದೇ ಆ ಶನಿವಾರಗಳಲ್ಲಿ. ಹಾಗಾಗಿ ಹಠ ಹಿಡಿದು, ಭವನದ ಹಿಂದೆ ನೀರೇ ಬೇಡದ ಕಕ್ಕಸು ಕಟ್ಟಿಸಿದಳು. ಕೂತು ಎದ್ದವರು ಒಂದು ಹಿಡಿ ಮರದ ಹೊಟ್ಟು ಹಾಕಿದರಾಯಿತು; ವಾಸನೆಯಿಲ್ಲ, ಕೊನೆಗೆ ಗೊಬ್ಬರವೂ ಸಿಗುತ್ತದೆ. ಆದರೆ ಬೂದು ಬಣ್ಣದ ಆ ಡಬ್ಬಿಯೊಳಗೆ ಕಾಲಿಡಲು ಯಾರೂ ತಯಾರಿರಲಿಲ್ಲ.

"ಕುರಿ ಕೂಡ ಒಳಗೆ ಹೋಗಲ್ಲ ಕಣೇ," ಎಂದ ಭವನದ ಅಧ್ಯಕ್ಷ ಕ್ಲೆಮ್.

ಮೆರ್ಲ್‌ಗೆ ರೇಗಿತು. ಗಂಡ ಟೈಲ್ಸ್ ಕೂರಿಸುತ್ತಿದ್ದವನು. ಅವನ ಕರಣೆ ಹುಡುಕಿ ತೆಗೆದಳು. ಮನೆಮನೆಗೆ ಹೋಗಿ ಒಡೆದ ತಟ್ಟೆ, ಬಾಯಿ ಚಕ್ಕೆ ಎದ್ದ ಲೋಟ ಬೇಡಿ ತಂದಳು. ಚಳಿಗಾಲವೆಲ್ಲ ಕಕ್ಕಸಿನೊಳಗೆ ಕೂತು ಚೂರು ಅಂಟಿಸಿದಳು. ಗೋಡೆಯ ಮೇಲೆ ಗೋಧಿ ಹೊಲ ಬೆಳೆಯಿತು, ಗುಲಾಬಿ ಎದೆಯ ಹಕ್ಕಿಗಳು ಬಂದು ಕೂತವು.

ಊರು ಬೆರಗಾಯಿತು. ಎಷ್ಟೆಂದರೆ, ಮಾರನೇ ದಿನವೇ ಕ್ಲೆಮ್ ಬಾಗಿಲಿಗೆ ಬೀಗ ಜಡಿದ.

"ಇಷ್ಟು ಚೆನ್ನಾಗಿರೋದನ್ನ ಗಲೀಜು ಮಾಡೋಕೆ ಮನಸ್ಸು ಬರುತ್ತಾ? ಹೊರಗಿನವರು ಬಂದ್ರೆ ತೆಗೆದು ತೋರಿಸೋಣ."

"ಅದು ಕಕ್ಕಸು ಕಣೋ, ಚರ್ಚ್ ಅಲ್ಲ."

"ಚರ್ಚಲ್ಲೂ ಇಂಥ ಗೋಡೆ ಇಲ್ವಲ್ಲ ಮೆರ್ಲ್."

ಹೊಗಳಿಸಿಕೊಂಡು ಹೊಟ್ಟೆ ಉರಿಯುವುದೆಂದರೆ ಇದು. ಜನ ಬರುತ್ತಿದ್ದರು, ಕ್ಲೆಮ್ ಬೀಗ ತೆಗೆದರೆ ಕೈಕಟ್ಟಿ ನೋಡುತ್ತಿದ್ದರು, ಆಹಾ ಎನ್ನುತ್ತಿದ್ದರು, ಆಮೇಲೆ ಭವನದೊಳಗೆ ಹೋಗಿ ಫ್ಲಶ್ ಎಳೆಯುತ್ತಿದ್ದರು. ಟ್ಯಾಂಕಿನ ತಳ ಕಾಣತೊಡಗಿತು.

ಮುಂದಿನ ಶನಿವಾರ ಬಿಸಿಲಿಳಿಯುವ ಹೊತ್ತಿಗೆ, ಬ್ಯಾಂಡಿನವರು ಶ್ರುತಿ ಮಾಡಿಕೊಳ್ಳುತ್ತಿದ್ದಾಗ, ಮೆರ್ಲ್ ಕೀಲು ಚಿಲಕ ಎಲ್ಲ ಬಿಚ್ಚಿ, ಬಾಗಿಲನ್ನು ಬೀಗದ ಸಮೇತ ತನ್ನ ಗಾಡಿಗೆ ಹಾಕಿಕೊಂಡಳು. ಭವನದೊಳಗಿನ ಕಕ್ಕಸಿಗೆ ಹೋಗುವ ನೀರನ್ನೂ ನಿಲ್ಲಿಸಿದಳು. ಮಿಕ್ಕ ಕೆಲಸವನ್ನು ಬಿಯರ್ ನೋಡಿಕೊಂಡಿತು.

ಮೊದಲು ಓಡಿ ಬಂದವನು ಕ್ಲೆಮ್.

"ಬಾಗಿಲೆಲ್ಲೇ?"

"ಗಾಡೀಲಿ ಭದ್ರವಾಗಿದೆ. ಹೊರಗಿನವರು ಬಂದ್ರೆ ತೋರಿಸೋಣ."

"ತಮಾಷೆ ಮಾಡೋ ಹೊತ್ತಾ ಇದು? ಯಾರಾದ್ರೂ ನೋಡಿದ್ರೆ?"

"ನಾನು ಅಡ್ಡ ನಿಂತಿರ್ತೀನಿ, ಬೆನ್ನು ಹಾಕ್ಕೊಂಡು. ನಡಿ."

ಒಳಗೆ ಹೋದವನ ಸದ್ದೇ ಇಲ್ಲ. ಹೊರಗೆ ಸಾಲು ಬೆಳೆಯಿತು.

"ಕ್ಲೆಮ್, ಬದುಕಿದ್ದೀಯಾ?"

"ಮೆರ್ಲ್..." ಒಳಗಿನ ದನಿ ಮೆತ್ತಗಿತ್ತು. "ಎದುರುಗಡೆ ನೀಲಿ ಚೂರುಗಳು ಇದ್ವಲ್ಲ, ನಿಂತು ನೋಡಿದಾಗ ಬರೀ ಚೂರು. ಕೂತ್ರೆ ಹೊಲದ ಮೇಲೆ ಮಳೆ ಬರ್ತಿದೆ ಕಣೇ."

"ಕೂತವರಿಗೆ ಅಂತಾನೇ ಮಾಡಿದ್ದು ಕಣೋ," ಎಂದಳು ಮೆರ್ಲ್. ಊರೆಲ್ಲ ಬಂದು ಹೊಗಳಿ ಹೋಗಿದ್ದ ಆ ಗೋಡೆಯನ್ನು ಒಬ್ಬರಾದರೂ ಸರಿಯಾಗಿ ನೋಡಿದ್ದು ಅದೇ ಮೊದಲು.

ಸಾಲಿನವರಿಗೆ ಮಾತ್ರ ಪುರುಸೊತ್ತಿರಲಿಲ್ಲ.

"ಮಳೆ ನೋಡಿದ್ದು ಸಾಕು, ಎದ್ದೇಳಪ್ಪಾ," ಎಂದು ಹಿಂದಿನಿಂದ ಯಾರೋ ಕೂಗಿದರು, "ಇಲ್ಲಿ ಕಟ್ಟೆ ಒಡೆಯೋ ಹಾಗಿದೆ."